ಒಬ್ಬರೇ ಚಂದಾದಾರರಿದ್ದ ಸಂಘ

1946ರ ಹೊತ್ತಿಗೆ ರಷ್ಯನ್ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನ ಉತ್ತರ ಭಾಗದ ಗೋಲ್ಡರ್ಸ್ ಗ್ರೀನ್ ಬಡಾವಣೆಯಲ್ಲಿ ಪಿಯಾನೊ ಪಾಠ ಹೇಳಿಕೊಂಡು, ಬಂದಷ್ಟರಲ್ಲಿ ಸಂಸಾರ ತೂಗಿಸುತ್ತಿದ್ದರು. ವಯಸ್ಸು 66. ನಾಲ್ಕು ವರ್ಷದ ಹಿಂದೆ ಹೃದಯಾಘಾತವಾಗಿತ್ತು. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ಯುದ್ಧದೊಂದಿಗೆ ನಿಂತುಹೋಗಿತ್ತು. ಒಂದು ಕಾಲದಲ್ಲಿ ಮಾಸ್ಕೋದ ಸಂಗೀತವಲಯ ರಾಖ್ಮಾನಿನೊವ್ ಅವರ ಪಕ್ಕದಲ್ಲೇ ಇವರನ್ನು ಕೂರಿಸುತ್ತಿತ್ತು; ಲಂಡನ್ನಿನಲ್ಲಿ ಅವರ ಹೆಸರು ಗೊತ್ತಿದ್ದವರು ಬಲು ಕಡಿಮೆ. ಅಂಥ ಮನುಷ್ಯರನ್ನು ಹುಡುಕಿಕೊಂಡು ಮೈಸೂರು ಸಂಸ್ಥಾನದ ಲಂಡನ್ ವ್ಯಾಪಾರ ಪ್ರತಿನಿಧಿಯ ಕಡೆಯಿಂದ ವಿಚಾರಣೆ ಬಂತು. ಮಹಾರಾಜರಿಗೆ ನಿಮ್ಮ ಸಂಗೀತದಲ್ಲಿ ತುಂಬ ಆಸಕ್ತಿ. ನಿಮ್ಮ ಕೃತಿಗಳನ್ನು ನೀವೇ ನುಡಿಸಿ ಗ್ರಾಮಫೋನ್ ಪ್ಲೇಟು ಕೊಡಬೇಕು. ಖರ್ಚು ಮೈಸೂರಿನದು ಎಂಬುದು ಅದರ ತಾತ್ಪರ್ಯ.

ಕೇಳಿದರೆ ಅಡುಗೂಲಜ್ಜಿ ಕಥೆಯ ಹಾಗಿದೆ. ದೂರದ ದೇಶದ ರಾಜ, ಬಡ ಸಂಗೀತಗಾರ, ಇದ್ದಕ್ಕಿದ್ದಂತೆ ಹೊನ್ನಿನ ಮಳೆ. ಆದರೆ ಈ ಮಳೆಯ ಮೋಡಗಳು ಕಟ್ಟಿದ್ದು ಬಹಳ ಹಿಂದೆ, ಮೂರು ಬೇರೆಬೇರೆ ದಿಕ್ಕುಗಳಲ್ಲಿ.

ಮೊದಲನೆಯದು ಗ್ರಾಮಫೋನ್ ವ್ಯಾಪಾರ. 1930ರ ಆರ್ಥಿಕ ಮುಗ್ಗಟ್ಟಿನಲ್ಲಿ ಪ್ಲೇಟುಗಳ ಮಾರಾಟ ನೆಲ ಕಚ್ಚಿತು. ಎಚ್.ಎಂ.ವಿ. ಮತ್ತು ಕೊಲಂಬಿಯಾ ಎಂಬ ಎರಡು ಬದ್ಧ ವೈರಿ ಕಂಪನಿಗಳು 1931ರಲ್ಲಿ ಒಂದಾಗಿ ಇ.ಎಂ.ಐ. ಆದವು. ಜನಪ್ರಿಯ ಹಾಡುಗಳೇ ಮಾರಾಟವಾಗದ ಕಾಲದಲ್ಲಿ, ತಾಸುಗಟ್ಟಲೆ ಒಂದೇ ವಾದ್ಯ ಕೇಳಿಸುವ ಪ್ಲೇಟುಗಳಿಗೆ ಯಾರು ಬಂಡವಾಳ ಹಾಕುತ್ತಾರೆ? ಆಗ ಎಚ್.ಎಂ.ವಿ.ಯಲ್ಲಿದ್ದ 25ರ ಹರೆಯದ ವಾಲ್ಟರ್ ಲೆಗ್ ಒಂದು ಉಪಾಯ ಹೂಡಿದರು. ಮೊದಲು ಚಂದಾದಾರರನ್ನು ಸೇರಿಸೋಣ. 500 ಮಂದಿ ಮುಂಗಡ ಕೊಟ್ಟರೆ ಮಾತ್ರ ಧ್ವನಿಮುದ್ರಣ ಮಾಡೋಣ. ಹೀಗೆ ಹುಟ್ಟಿದ್ದು ಹ್ಯೂಗೊ ವುಲ್ಫ್ ಸಂಘ. ಜರ್ಮನ್ ಕವಿತೆಗಳಿಗೆ ರಾಗ ಹಾಕಿದ ವುಲ್ಫ್ ಅವರ ಹಾಡುಗಳಿಗೆ 500 ಗಿರಾಕಿಗಳು ಸಿಗುವುದಿಲ್ಲ ಎಂದೇ ಕಂಪನಿಯವರ ಎಣಿಕೆ. ಸಿಕ್ಕರು. ಲೆಗ್ ಅವರೇ ಮುಂದೆ ಬರೆದಂತೆ, ಅವರಲ್ಲಿ 111 ಮಂದಿ ಜಪಾನಿನವರು.

ಪ್ರಕಾಶನ ಲೋಕದಲ್ಲಿ ಮುಂಗಡ ಹಣಕ್ಕೆ ಪುಸ್ತಕ ತರುವ ಪದ್ಧತಿ ಹಳೆಯದೇ. ಅದನ್ನು ನಾದಕ್ಕೆ ಅನ್ವಯಿಸಿದಾಗ ಆದ ಲಾಭ ಮಾತ್ರ ಬಹಳ ದೊಡ್ಡದು. ಆರ್ಟುರ್ ಶ್ನಾಬೆಲ್ ಬೀಥೋವನ್ ಅವರ 32 ಪಿಯಾನೊ ಸೊನಾಟಾಗಳನ್ನೂ 1932ರಿಂದ 1935ರೊಳಗೆ ಪ್ಲೇಟಿಗೆ ನುಡಿಸಿದರು. ಅಷ್ಟನ್ನೂ ಅದಕ್ಕೆ ಮೊದಲು ಯಾರೂ ಮುದ್ರಿಸಿರಲಿಲ್ಲ. ವಾಂಡಾ ಲಾಂಡೊವ್ಸ್ಕಾ 1933ರಲ್ಲಿ, ಜನ ಮ್ಯೂಸಿಯಂ ಸಾಮಾನೆಂದುಕೊಂಡಿದ್ದ ಹಾರ್ಪ್ಸಿಕಾರ್ಡ್ ಮೇಲೆ ಬಾಖ್ ಅವರ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ನುಡಿಸಿದರು. ಪಾಬ್ಲೊ ಕಸಾಲ್ಸ್ ಬಾರ್ಸಿಲೋನಾದ ಹಳೆಯ ಅಂಗಡಿಯೊಂದರಲ್ಲಿ 13ನೇ ವಯಸ್ಸಿನಲ್ಲಿ ಕಂಡುಕೊಂಡಿದ್ದ ಬಾಖ್ ಸೆಲ್ಲೊ ಸೂಟ್‌ಗಳನ್ನು 1936ರಿಂದ 1939ರವರೆಗೆ ಲಂಡನ್ ಮತ್ತು ಪ್ಯಾರಿಸ್ಸಿನಲ್ಲಿ ಮುದ್ರಿಸಿದರು. ಪಕ್ಕವಾದ್ಯವಿಲ್ಲ, ಶ್ರುತಿ ಹಿಡಿಯುವವರೂ ಇಲ್ಲ, ನಾಲ್ಕು ತಂತಿಯ ಒಂಟಿ ವಾದ್ಯ. ಇವತ್ತು ಜಗತ್ತಿನ ಸೆಲ್ಲೊ ವಿದ್ಯಾರ್ಥಿಗಳೆಲ್ಲ ಕಲಿಯುವ ಈ ಕೃತಿಗಳನ್ನು ಅಂದು ಬಹಳಷ್ಟು ಜನ ಬರೀ ಅಭ್ಯಾಸದ ವರಸೆಗಳೆಂದು ಬಗೆದಿದ್ದರು. ಸಂಘದ ಏರ್ಪಾಟು ಇಲ್ಲದಿದ್ದರೆ ಇವುಗಳಲ್ಲಿ ಎಷ್ಟು ಪ್ಲೇಟಾಗುತ್ತಿದ್ದವೋ.

ಎರಡನೆಯ ಎಳೆ ಮೆಟ್ನರ್ ಅವರದೇ. 1880ರ ಜನವರಿಯಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಅಲ್ಲಿನ ಕನ್ಸರ್ವೇಟರಿಯಲ್ಲಿ ಸಫೊನೊವ್ ಅವರ ಶಿಷ್ಯರಾಗಿ 1900ರಲ್ಲಿ ಹೊರಬಿದ್ದವರು. ಕಛೇರಿ ಪಿಯಾನಿಸ್ಟ್ ಆಗಿ ದುಡ್ಡು ಬಾಚುವ ದಾರಿ ಎದುರಿಗೇ ಇತ್ತು. ಅದನ್ನು ಬಿಟ್ಟು ರಚನೆಗೆ ಕೂತರು. ಬರೆದದ್ದೆಲ್ಲ ಪಿಯಾನೊ ಇರುವ ಕೃತಿಗಳೇ: ಸೊನಾಟಾಗಳು, ಹಾಡುಗಳು, ವಾದ್ಯವೃಂದದ ಜೊತೆ ನುಡಿಸುವ ಮೂರು ಕನ್ಸರ್ಟೊ, ಮತ್ತು ರಷ್ಯನ್ ಭಾಷೆಯಲ್ಲಿ ಸ್ಕಾಜ್ಕಿ ಎನ್ನುವ ಪುಟ್ಟ ಕಥೆಗಳಂಥ ಒಂಟಿ ಪಿಯಾನೊ ರಚನೆಗಳು. 1921ರಲ್ಲಿ ರಷ್ಯಾ ಬಿಟ್ಟರು. ಬರ್ಲಿನ್, ಪ್ಯಾರಿಸ್ ಎಂದು ಅಲೆದು 1930ರ ದಶಕದ ನಡುವೆ ಲಂಡನ್ನಿಗೆ ಬಂದು ನೆಲೆಸಿದರು. ರಾಖ್ಮಾನಿನೊವ್ ತಮ್ಮ ನಾಲ್ಕನೆಯ ಕನ್ಸರ್ಟೊವನ್ನು ಇವರಿಗೆ ಅರ್ಪಿಸಿದರು, ಇವರು ತಮ್ಮ ಎರಡನೆಯದನ್ನು ಅವರಿಗೆ. ಗೆಳೆತನ ಸರಿಸಮ, ಅದೃಷ್ಟ ಮಾತ್ರ ಹಾಗಿರಲಿಲ್ಲ. ಹೊಸ ಸಂಗೀತದ ವಿರುದ್ಧ ಮೆಟ್ನರ್ 1935ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದನ್ನು ಅಚ್ಚು ಹಾಕಿಸಿದವರೂ ರಾಖ್ಮಾನಿನೊವ್. ಹೊಸ ಸಂಗೀತದ ಸ್ಟ್ರಾವಿನ್ಸ್ಕಿಯ ಕಾಲದಲ್ಲಿ ಹಿಂದಿನ ಶತಮಾನದ ಬ್ರಾಮ್ಸ್ ಕಾಲದ ಕಟ್ಟಡ ಕಟ್ಟುತ್ತಾರೆ, ಪಾಂಡಿತ್ಯ ಜಾಸ್ತಿ ರಂಜನೆ ಕಮ್ಮಿ ಎಂಬ ದೂರು ಅಂದಿನಿಂದ ಇಂದಿನವರೆಗೂ ಅವರ ಬೆನ್ನಿಗಿದೆ. ಒಪ್ಪದವರು, ಒಂದರೊಳಗೊಂದು ಹೆಣೆದ ಆ ನಾದಪದರಗಳು ನಾಲ್ಕು ಸಲ ಕೇಳಿದ ಮೇಲೆ ಬಿಚ್ಚಿಕೊಳ್ಳುತ್ತವೆ ಎನ್ನುತ್ತಾರೆ. ನನ್ನ ಒಲವು ಎರಡನೆಯ ಪಕ್ಷದ ಕಡೆಗೆ. ಆದರೆ ಮೊದಲ ಕೇಳ್ಮೆಯಲ್ಲಿ ಮೆಟ್ನರ್ ಮುಖ ಗಂಟಿಕ್ಕಿಕೊಂಡೇ ಇರುತ್ತಾರೆ ಎಂಬುದನ್ನು ಅಲ್ಲಗಳೆಯಲಾರೆ. ನಾಲ್ಕು ಸಲ ಕೇಳಬೇಕಾದ ಸಂಗೀತಕ್ಕೆ ಕಛೇರಿಗಿಂತ ಪ್ಲೇಟೇ ಮೇಲು. ಅದನ್ನು ಮೊದಲು ಅರಿತು, ಅರಿತದ್ದಕ್ಕೆ ದುಡ್ಡು ಹಾಕಿದವರು ಮೈಸೂರಿನಲ್ಲಿದ್ದರು.

ಮೂರನೆಯ ಎಳೆ ನಮ್ಮ ಊರಿನದು. ಜಯಚಾಮರಾಜೇಂದ್ರ ಒಡೆಯರ್ ಹುಟ್ಟಿದ್ದು 1919ರಲ್ಲಿ. ಅವರು ಬೆಳೆದ ಅರಮನೆಯಲ್ಲಿ ಎರಡು ಸಂಗೀತಗಳು ಒಟ್ಟಿಗೆ ಬಾಳುತ್ತಿದ್ದವು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಅರಮನೆ ಬ್ಯಾಂಡಿನಲ್ಲಿ ಕರ್ನಾಟಕ ಸಂಗೀತದ ವಿಭಾಗವೊಂದು, ಪಾಶ್ಚಾತ್ಯ ವಿಭಾಗವೊಂದು. ಪಾಶ್ಚಾತ್ಯ ವಿಭಾಗಕ್ಕೆ ಒಟ್ಟೊ ಶ್ಮಿಟ್ ಎಂಬ ಜರ್ಮನ್ ಮೇಷ್ಟ್ರು. ಭಾರತದ ಮೊದಲ ಗ್ರಾಮಫೋನ್ ತಾರೆ ಗೌಹರ್ ಜಾನ್ ಕೊನೆಯ ದಿನಗಳಲ್ಲಿ ಆಶ್ರಯ ಪಡೆದದ್ದೂ 1930ರಲ್ಲಿ ಕಣ್ಮುಚ್ಚಿದ್ದೂ ಮೈಸೂರಿನಲ್ಲೇ. ಇಂಥ ಮನೆಯ ಹುಡುಗ ಪಿಯಾನೊ ಕಲಿತದ್ದರಲ್ಲಿ ಆಶ್ಚರ್ಯವಿಲ್ಲ. ಅಚ್ಚರಿಯೆಂದರೆ ಅದನ್ನು ರಾಜಕುಮಾರರ ಹವ್ಯಾಸದ ಮಟ್ಟಕ್ಕೆ ಬಿಡದೆ, ಕಛೇರಿ ಪಿಯಾನಿಸ್ಟ್ ಆಗುವ ಕನಸು ಕಂಡದ್ದು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಮೊದಲು ತಂದೆ ಕಂಠೀರವ ನರಸಿಂಹರಾಜ ಒಡೆಯರ್, ಆಮೇಲೆ ದೊಡ್ಡಪ್ಪ ತೀರಿಕೊಂಡರು. 21ರ ಯುವಕ ಸಿಂಹಾಸನ ಏರಿದರು. ಪಿಯಾನಿಸ್ಟ್ ಕನಸು ಅಲ್ಲಿಗೆ ಮುಗಿಯಿತು. ಕಲಿಕೆ ನಿಲ್ಲಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್, ಟ್ರಿನಿಟಿ ಕಾಲೇಜಿನ ಗೌರವ ಫೆಲೊ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಮೈಸೂರು ವಾಸುದೇವಾಚಾರ್ಯರಂಥ ವಿದ್ವಾಂಸರ ಒಡನಾಟದಲ್ಲಿ, ಶ್ರೀವಿದ್ಯಾ ಅಂಕಿತದ 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. ಒಂದು ಕಡೆ ಅಪೂರ್ವ ರಾಗಗಳು, ಇನ್ನೊಂದು ಕಡೆ ಲಂಡನ್ನಿಗೆ ಪತ್ರ. ಇಬ್ಬಗೆಯೆಂದು ಅವರಿಗೆ ಅನ್ನಿಸಿದಂತೆ ಕಾಣುವುದಿಲ್ಲ. ಯಾರೂ ಹಾಡದ ರಾಗವನ್ನು ಎತ್ತಿಕೊಳ್ಳುವ ಮನಸ್ಸೇ ಯಾರೂ ನುಡಿಸದ ರಷ್ಯನ್ನರನ್ನೂ ಹುಡುಕಿತು ಎಂದು ನಾನು ಓದಿಕೊಳ್ಳುತ್ತೇನೆ.

ಹೀಗೆ ಮೂರೂ ಎಳೆ ಕೂಡಿದಲ್ಲಿ ಮೆಟ್ನರ್ ಸಂಘ ಎದ್ದಿತು. ಹೆಸರು ಹಳೆಯ ಚಂದಾ ಪದ್ಧತಿಯದು, ಒಳಗಿನ ಲೆಕ್ಕ ಬೇರೆ. 500 ಮಂದಿಯ ಮುಂಗಡಕ್ಕೆ ಕಾಯಬೇಕಾಗಿರಲಿಲ್ಲ. ಅಷ್ಟೂ ಜನರ ಜಾಗದಲ್ಲಿ ಒಬ್ಬರು ನಿಂತಿದ್ದರು. ಪ್ಲೇಟುಗಳು ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವಂತೆಯೇ ಬಂದವು. ನಷ್ಟವಾದರೆ ಹೊರುವ ಹೆಗಲು ಮಾತ್ರ ಮೈಸೂರಿನದು.

ಧ್ವನಿಮುದ್ರಣ 1947ರಲ್ಲಿ ಭರದಿಂದ ಸಾಗಿತು. ಅಂದಿನ ಸ್ಟುಡಿಯೋ ಕೆಲಸ ಹೇಗಿತ್ತು ಎಂದು ಸ್ವಲ್ಪ ಹತ್ತಿರದಿಂದ ನೋಡಿದರೆ 67ರ ಹೃದ್ರೋಗಿಯೊಬ್ಬರು ಏನನ್ನು ಒಪ್ಪಿಕೊಂಡಿದ್ದರು ಎಂಬುದು ತಿಳಿಯುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ 12 ಅಂಗುಲದ ಪ್ಲೇಟಿನ ಒಂದು ಬದಿಗೆ ಹಿಡಿಸುವುದು ನಾಲ್ಕು, ನಾಲ್ಕೂವರೆ ನಿಮಿಷದ ಸಂಗೀತ. ದಪ್ಪ ಮೇಣದ ಬಿಲ್ಲೆಯ ಮೇಲೆ ಸೂಜಿ ನೇರವಾಗಿ ಗೆರೆ ಕೊರೆಯುತ್ತದೆ. ಕತ್ತರಿಸಿ ಅಂಟಿಸುವ ಮಾತಿಲ್ಲ. ಮೂರನೆಯ ನಿಮಿಷದಲ್ಲಿ ಒಂದು ಬೆರಳು ಜಾರಿದರೆ ಮೊದಲಿನಿಂದ ಮತ್ತೆ. ನುಡಿಸಿದ್ದನ್ನು ಅಲ್ಲೇ ಹಾಕಿ ಕೇಳೋಣವೆಂದರೆ ಮೆತ್ತಗಿನ ಮೇಣ ಹಾಳಾಗುತ್ತದೆ, ಆ ಬಿಲ್ಲೆಯಿಂದ ಅಚ್ಚು ತೆಗೆಯಲು ಬರುವುದಿಲ್ಲ. ಮೆಟ್ನರ್ ಅವರ ಮೂರನೆಯ ಕನ್ಸರ್ಟೊದ ಮೂರು ಭಾಗಗಳು ನಡುವೆ ಬಿಡುವಿಲ್ಲದೆ ಒಂದಕ್ಕೊಂದು ಹರಿಯುವಂಥವು. ಇಡೀ ಕೃತಿ ಅರ್ಧ ತಾಸಿಗೂ ಮಿಕ್ಕಿದ್ದು. ಅದನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿನ ತುದಿಯಲ್ಲಿ ನಿಂತು, ಮುಂದಿನದನ್ನು ಅದೇ ಕಾವಿನಲ್ಲಿ ಎತ್ತಿಕೊಳ್ಳಬೇಕು. ಎದುರಿಗೆ ಇಡೀ ವಾದ್ಯವೃಂದ. ಇಷ್ಟಾದರೂ ಇಂದು ಅದನ್ನು ಜೋಡಿಸಿದ ರೂಪದಲ್ಲಿ ಕೇಳುವಾಗ ಗಂಟುಗಳು ಕೈಗೆ ಸಿಕ್ಕುವುದಿಲ್ಲ. ಕಷ್ಟದ ಜಾಗಗಳಲ್ಲಿ ಅವರು ವೇಗ ತಗ್ಗಿಸುವುದಿಲ್ಲ. ಸದ್ದು ಏರಿಸಬಹುದಾದಲ್ಲಿ ತಡೆದು ಹಿಡಿಯುತ್ತಾರೆ. ಎಡಗೈಯಲ್ಲಿ ಅಡಗಿದ ಸಣ್ಣ ಸ್ವರಮಾಲೆಯೊಂದು, ಬಲಗೈ ಎಷ್ಟು ಗಲಾಟೆ ಮಾಡಿದರೂ, ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ.

ಎರಡನೆಯ ಮತ್ತು ಮೂರನೆಯ ಕನ್ಸರ್ಟೊಗಳನ್ನು ಇಸ್ಸಾಯ್ ಡೊಬ್ರೊವೆನ್, ಮೊದಲನೆಯದನ್ನು ಜಾರ್ಜ್ ವೆಲ್ಡನ್ ನಿರ್ದೇಶಿಸಿದರು. ವಾದ್ಯವೃಂದ ಫಿಲ್‌ಹಾರ್ಮೋನಿಯಾ, ಲೆಗ್ 1945ರಲ್ಲಿ ಕಟ್ಟಿದ್ದು. ಸ್ಕಾಜ್ಕಿ ಮುಂತಾದ ಒಂಟಿ ಪಿಯಾನೊ ರಚನೆಗಳು ಬಂದವು. ಬಹುಮಟ್ಟಿಗೆ ಪದಗಳಿಲ್ಲದೆ ಬರೀ ಸ್ವರದಲ್ಲಿ ಸಾಗುವ ಸೊನಾಟಾ ವೊಕಲೀಸ್ ಎಂಬ ವಿಚಿತ್ರ ಏರ್ಪಾಟಿನ ಕೃತಿಗೆ ಮಾರ್ಗರೆಟ್ ರಿಚಿ ದನಿ ಕೊಟ್ಟರು. ಎರಡು ಪಿಯಾನೊಗಳ ರಷ್ಯನ್ ನೃತ್ಯವೊಂದಕ್ಕೆ ಪಿಯಾನಿಸ್ಟ್ ಬೆನ್ನೊ ಮೊಯ್ಸೆವಿಚ್ ಜೊತೆಯಾದರು. ಮೂರು ಸಂಪುಟಗಳಾದವು. ಮೂರನೆಯ ಕನ್ಸರ್ಟೊವನ್ನು ಮೆಟ್ನರ್ ಮಹಾರಾಜರಿಗೆ ಅರ್ಪಿಸಿದರು. ಅದನ್ನು ಬರೆದದ್ದು ಯುದ್ಧಕಾಲದಲ್ಲಿ, ವಾರಿಕ್‌ಷೈರ್‌ನಲ್ಲಿದ್ದ ಶಿಷ್ಯೆ ಎಡ್ನಾ ಐಲ್ಸ್ ಅವರ ಆಸರೆಯಲ್ಲಿ. ಮೊದಲ ಪ್ರದರ್ಶನ 1944ರಲ್ಲಿ, ಮೈಸೂರಿನ ಸುದ್ದಿ ಬರುವ ಮೊದಲೇ.

ಇದೇ 1947 ಮೈಸೂರಿನಲ್ಲಿ ಯಾವ ವರ್ಷ ಎಂಬುದನ್ನು ಮರೆತು ಈ ಕಥೆ ಹೇಳುವುದು ಸರಿಯಲ್ಲ. ಆಗಸ್ಟಿನಲ್ಲಿ ಮಹಾರಾಜರು ಭಾರತಕ್ಕೆ ಸೇರುವ ಒಪ್ಪಂದಕ್ಕೆ ಸಹಿ ಹಾಕಿದರು. ಜವಾಬ್ದಾರಿ ಸರ್ಕಾರ ಕೊಡಲು ದಿವಾನರ ಆಡಳಿತ ಮೀನಮೇಷ ಎಣಿಸಿತು. ಸೆಪ್ಟೆಂಬರಿನಲ್ಲಿ ಅದಕ್ಕಾಗಿಯೇ ಮೈಸೂರು ಚಲೋ ಚಳವಳಿ. ಗುಂಡೇಟಿಗೆ ಬಲಿಯಾದ ವಿದ್ಯಾರ್ಥಿಯ ಹೆಸರನ್ನು ಮೈಸೂರಿನ ರಾಮಸ್ವಾಮಿ ವೃತ್ತ ಇಂದಿಗೂ ಹೊತ್ತಿದೆ. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಬೀದಿಯಲ್ಲಿ ಇಷ್ಟೆಲ್ಲ ನಡೆಯುವಾಗ ಲಂಡನ್ನಿನ ಪಿಯಾನೊ ಪ್ಲೇಟಿಗೆ ಹಣವೇ ಎಂದು ಯಾರಾದರೂ ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ಅರಮನೆಯ ಸ್ವಂತ ಖರ್ಚು ಎಂಬ ಉತ್ತರ ಪೂರ್ತಿ ಸಮಾಧಾನ ಕೊಡುವುದಿಲ್ಲ, ಏಕೆಂದರೆ ಅರಮನೆಯ ಬೊಕ್ಕಸವೂ ಕೊನೆಗೆ ಜನರ ದುಡಿಮೆಯಿಂದ ತುಂಬಿದ್ದು. ಆದರೆ ಅದೇ ಕಾಲದ ಎಷ್ಟೋ ರಾಜರ ದುಡ್ಡು ಕುದುರೆ ಜೂಜಿಗೂ ಕಾರುಗಳಿಗೂ ಸುರಿದುಹೋಯಿತು. ಇಲ್ಲಿ ಖರ್ಚಾದದ್ದು, ಪ್ರತಿಯಾಗಿ ಏನನ್ನೂ ಕೊಡಲಾಗದ, ಫ್ಯಾಷನ್ನಿನಿಂದ ಆಚೆ ಉಳಿದ ಒಬ್ಬ ಮುದುಕರ ಮೇಲೆ. ನನ್ನ ತಕ್ಕಡಿ ಅತ್ತಲೇ ತುಸು ವಾಲುತ್ತದೆ.

ಕಥೆ ಇಲ್ಲಿಗೆ ನಿಂತಿದ್ದರೆ ಒಂದು ದಾನದ ಕಥೆಯಾಗಿ ಉಳಿಯುತ್ತಿತ್ತು. ತಿರುವು ಬಂದದ್ದು ಲೆಗ್ ಮೈಸೂರಿಗೆ ಬಂದಾಗ. ಆ ಭೇಟಿಯ ಮುಖ್ಯ ಆಕರ ಲೆಗ್ ಅವರದೇ ನೆನಪು. ಮೂವತ್ತೂ ತುಂಬದ ಮಹಾರಾಜರು, ಅರಮನೆಯೊಂದರಲ್ಲಿ ಗಂಭೀರ ಸಂಗೀತದ ಇಲ್ಲದ ಪ್ಲೇಟಿಲ್ಲ ಎನ್ನುವಂಥ ಭಂಡಾರ, ಸಾಲು ಧ್ವನಿವರ್ಧಕಗಳು, ಹಲವು ಗ್ರ್ಯಾಂಡ್ ಪಿಯಾನೊಗಳು. ಕೆಲವು ವಾರ ಉಳಿದು ಹೊರಡುವಾಗ ಲೆಗ್ ಕೈಯಲ್ಲಿ, ಮೆಟ್ನರ್ ಮುದ್ರಣಗಳ ಒಪ್ಪಿಗೆಯ ಜೊತೆಗೆ, ಫಿಲ್‌ಹಾರ್ಮೋನಿಯಾಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ಮಾತೂ ಇತ್ತು. ಲೆಗ್ ದೊಡ್ಡ ಕೆಲಸಗಾರರು, ಹಾಗೆಯೇ ಎಲ್ಲ ಘಟನೆಯ ನಟ್ಟನಡುವೆ ತಮ್ಮನ್ನೇ ನಿಲ್ಲಿಸಿಕೊಳ್ಳುವ ಸ್ವಭಾವದವರು. ಅವರ ನೆನಪಿನಲ್ಲಿ ಎಲ್ಲವೂ ಒಂದೇ ಭೇಟಿಯಲ್ಲಿ ಕುದುರಿದ ವ್ಯವಹಾರದಂತೆ ಕಾಣುತ್ತದೆ; ಮೆಟ್ನರ್ ಅವರನ್ನು ಕುರಿತ ಆಸಕ್ತಿ ಹುಟ್ಟಿದ್ದು ಮೈಸೂರಿನಲ್ಲಿ, ಲೆಗ್ ಅವರ ಮಾತುಗಾರಿಕೆಯಿಂದಲ್ಲ. ಹಣದ ಮಹತ್ವದ ಬಗ್ಗೆ ಮಾತ್ರ ಅವರು ಉತ್ಪ್ರೇಕ್ಷೆ ಮಾಡಿಲ್ಲ. ಫಿಲ್‌ಹಾರ್ಮೋನಿಯಾಕ್ಕೆ ಅನ್ನ ಹಾಕುತ್ತಿದ್ದುದು ಇ.ಎಂ.ಐ.ಯ ಧ್ವನಿಮುದ್ರಣದ ಕೆಲಸ. ಕಛೇರಿ ನಡೆಸಲು, ಹೊಸ ಕೃತಿಗಳನ್ನು ಅಭ್ಯಾಸ ಮಾಡಲು ಅದು ಸಾಲುತ್ತಿರಲಿಲ್ಲ. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿ ಜಯಚಾಮರಾಜೇಂದ್ರ ಒಡೆಯರ ಹೆಸರು ಬಂತು.

ವಾದ್ಯವೃಂದ ನಿರ್ದೇಶಕ ಹರ್ಬರ್ಟ್ ಫಾನ್ ಕರಯಾನ್ ಲಂಡನ್ನಿನಲ್ಲಿ ಬೇರು ಬಿಟ್ಟದ್ದು ಈ ವಾದ್ಯವೃಂದದೊಂದಿಗೆ. ನಾಜಿ ಪಕ್ಷದ ಸದಸ್ಯರಾಗಿದ್ದುದಕ್ಕೆ ಯುದ್ಧಾನಂತರ ನಿಷೇಧ ಅನುಭವಿಸಿ ಹೊರಬಂದಿದ್ದ ಅವರಿಗೆ ತಮ್ಮ ಊರಿನಲ್ಲಿ ಬಾಗಿಲುಗಳು ಇನ್ನೂ ಅರೆತೆರೆದಿದ್ದವು. ಮಹಾರಾಜರ ಮ್ಯೂಸಿಕಲ್ ಫೌಂಡೇಷನ್ನಿನ ಹೆಸರಿನಲ್ಲಿ 1949ರಲ್ಲಿ ಅವರು ಬಾಲಕಿರೆವ್ ಅವರ ಮೊದಲ ಸಿಂಫನಿ, ರೂಸೆಲ್ ಅವರ ನಾಲ್ಕನೆಯ ಸಿಂಫನಿಗಳನ್ನು ಮುದ್ರಿಸಿದರು. ಎರಡೂ ಅಂಗಡಿಯವರು ಕೇಳಿ ತರಿಸುತ್ತಿದ್ದ ಸರಕಲ್ಲ. ದೊರೆಯ ಅಭಿರುಚಿ ಇಲ್ಲಿಯೂ ಅದೇ: ಎಲ್ಲರೂ ನುಡಿಸುವುದು ಎಲ್ಲರಿಗೂ ಸಿಗುತ್ತದೆ, ನನಗೆ ಸಿಗದದ್ದು ಬೇಕು.

ಎಲ್ಲಕ್ಕಿಂತ ಪ್ರಸಿದ್ಧವಾದದ್ದು 1950ರ ಮೇ 22ರ ಸಂಜೆ. ಹಿಂದಿನ ವರ್ಷ ತೀರಿಕೊಂಡಿದ್ದ ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್ ಬಿಟ್ಟುಹೋಗಿದ್ದ ನಾಲ್ಕು ಹಾಡುಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದವು. ಗಾಯಕಿ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ನಿರ್ದೇಶಕ ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್, ವಾದ್ಯವೃಂದ ಫಿಲ್‌ಹಾರ್ಮೋನಿಯಾ. ಮಹಾರಾಜರಿಗೆ ಹೋಗಲಾಗಲಿಲ್ಲ. 4,800 ಡಾಲರುಗಳ ಖಾತರಿ ಕೊಟ್ಟು, ಅದನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಲು ಏರ್ಪಾಟು ಮಾಡಿದರು. ಅವರ ಸಂಗ್ರಹದಲ್ಲಿ ಆಗ ಸುಮಾರು 20,000 ಪ್ಲೇಟುಗಳಿದ್ದವೆಂದು ಅಂದಾಜು. ಗರಗರ ಸದ್ದಿನ ನಡುವೆ ಆ ಧ್ವನಿಮುದ್ರಣ ಉಳಿದು ಬಂದಿದೆ. ಸಭೆಯಲ್ಲಿ ಕೂತು ಕೇಳುವವರು ಕಛೇರಿಗೆ ದುಡ್ಡು ಕೊಡುವುದು ಲೋಕರೂಢಿ. ಈ ಕಛೇರಿಗೆ ಖಾತರಿ ನಿಂತವರು ಸಾವಿರಾರು ಮೈಲಿ ಆಚೆ ಪೆಟ್ಟಿಗೆ ಬರುವುದನ್ನು ಕಾಯುತ್ತಿದ್ದರು.

ಆ ಹೊತ್ತಿಗೆ ಅವರು ಅರಸರಾಗಿ ಉಳಿದಿರಲಿಲ್ಲ. 1950ರ ಜನವರಿ 26ರಿಂದ ರಾಜ್ಯಪಾಲರಂಥ ಹುದ್ದೆಯ ರಾಜಪ್ರಮುಖರು. ಸರ್ಕಾರ ಕೊಡುತ್ತಿದ್ದ ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿ. ದಸರೆ, ಅರಮನೆ, ಆಶ್ರಿತರು ಎಲ್ಲವೂ ಅದರೊಳಗೆ. ಲಂಡನ್ನಿಗೆ ಹರಿಯುತ್ತಿದ್ದ ಕಾಲುವೆ ಬತ್ತಿದ್ದು ಸಹಜವೇ. ಮೆಟ್ನರ್ ಅವರ ಆರೋಗ್ಯವೂ ಬತ್ತುತ್ತಿತ್ತು. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಒಳಗೊಳಗೇ ಕಟ್ಟುತ್ತಿದ್ದ ಪಿಯಾನೊ ಕ್ವಿಂಟೆಟ್ಟನ್ನು 1949ರಲ್ಲಿ ಮುಗಿಸಿ, ಈಯೊಲಿಯನ್ ಕ್ವಾರ್ಟೆಟ್ ಜೊತೆ ಅದೇ ವರ್ಷ ಮುದ್ರಿಸಿದರು. ಆಗ ಅದು ಹೊರಬರಲಿಲ್ಲ. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರ ಹಾಡಿಗೆ ಪಿಯಾನೊ ನುಡಿಸಿದ್ದು ಕೊನೆಯ ಕೆಲಸಗಳಲ್ಲೊಂದು. 1951ರ ನವೆಂಬರ್ 13ರಂದು ತೀರಿಕೊಂಡರು.

ಪ್ಲೇಟುಗಳಿಗೂ ಒಳ್ಳೆಯ ಕಾಲ ಬರಲಿಲ್ಲ. 1948ರಲ್ಲೇ ಅಮೆರಿಕದ ಕೊಲಂಬಿಯಾ ಕಂಪನಿ ಲಾಂಗ್ ಪ್ಲೇ ತಂದಿತ್ತು. ಬದಿಗೆ ನಾಲ್ಕು ನಿಮಿಷದ ಜಾಗದಲ್ಲಿ ಇಪ್ಪತ್ತಕ್ಕೂ ಮೇಲೆ. ಇ.ಎಂ.ಐ. ಮೊಂಡು ಹಿಡಿದು 1952ರ ಅಕ್ಟೋಬರಿನವರೆಗೆ ತಡೆದು, ಕೊನೆಗೆ ಶರಣಾಯಿತು. ಬಿಡುವಿಲ್ಲದೆ ಹರಿಯುವ ಸಂಗೀತಕ್ಕೆ ಹೇಳಿಮಾಡಿಸಿದ ತಂತ್ರ ಕೈಗೆ ಬರುವ ಹೊತ್ತಿಗೆ ಮೆಟ್ನರ್ ಇರಲಿಲ್ಲ, ಮೂರು ಸಂಪುಟಗಳ ಭಾರದ ಶೆಲಾಕ್ ಪ್ಲೇಟುಗಳು ಹಳೆಯ ಸಾಮಾನಾಗಿದ್ದವು. ಅತ್ತ ಫಿಲ್‌ಹಾರ್ಮೋನಿಯಾ ಮಾತ್ರ ಏರುತ್ತಾ ಹೋಯಿತು. 1952ರಲ್ಲಿ ಕರಯಾನ್ ಜೊತೆ ಯುರೋಪ್ ಪ್ರವಾಸ, ಅದೇ ವರ್ಷ ಟೊಸ್ಕನಿನಿ ಬಂದು ಲಂಡನ್ನಿನಲ್ಲಿ ಬ್ರಾಮ್ಸ್ ಸಿಂಫನಿಗಳನ್ನು ನಿರ್ದೇಶಿಸಿದರು. ಮೈಸೂರಿನ ಹಣದ ದೊಡ್ಡ ಫಲ ಉದ್ದೇಶಿಸಿದವರಿಗಿಂತ ಪಕ್ಕದವರಿಗೆ ದಕ್ಕಿತು.

ಮೆಟ್ನರ್ ಅವರ ಸರದಿ ನಿಧಾನವಾಗಿ ಬಂತು. ಹೆಂಡತಿ ಆನ್ನಾ 1958ರಲ್ಲಿ ಮಾಸ್ಕೋಗೆ ಮರಳಿದರು. ಮರುವರ್ಷದಿಂದ ಗಂಡನ ಕೃತಿಗಳು 12 ಸಂಪುಟಗಳಲ್ಲಿ ಅಲ್ಲೇ ಅಚ್ಚಾಗತೊಡಗಿದವು. ಎಮಿಲ್ ಗಿಲೆಲ್ಸ್ ಅವರಂಥವರು ಸೊನಾಟಾಗಳನ್ನು ಕಛೇರಿಗೆ ತಂದರು. 1990ರ ದಶಕದಲ್ಲಿ ಪಿಯಾನಿಸ್ಟ್ ಡೆಮಿಡೆಂಕೊ ಎರಡನೆಯ ಮತ್ತು ಮೂರನೆಯ ಕನ್ಸರ್ಟೊಗಳನ್ನು, ಪಿಯಾನಿಸ್ಟ್ ಹ್ಯಾಮೆಲಿನ್ ಸೊನಾಟಾಗಳೆಲ್ಲವನ್ನು ಮುದ್ರಿಸಿದರು. ಅದೇ ದಶಕದಲ್ಲಿ ಟೆಸ್ಟಮೆಂಟ್ ಎಂಬ ಸಣ್ಣ ಬ್ರಿಟಿಷ್ ಕಂಪನಿ ಹಳೆಯ ಮೆಟ್ನರ್ ಪ್ಲೇಟುಗಳನ್ನು ಸಿ.ಡಿ.ಗೆ ಇಳಿಸಿತು. ಕೃತಿಕಾರರೇ ಕೂತು ನುಡಿಸಿದ ಮೂರು ಕನ್ಸರ್ಟೊಗಳಿರುವುದರಿಂದ ಹೊಸ ವಾದಕರಿಗೆ ತೊಡಕೂ ಆಗಿದೆ: ಬರಹದಲ್ಲಿ ಒಂದು ಗತಿ ಕಂಡರೆ ಮೆಟ್ನರ್ ಅವರ ಕೈ ಇನ್ನೊಂದನ್ನು ಹಿಡಿದಿರುತ್ತದೆ. ಎರಡರಲ್ಲಿ ಯಾವುದು ಪ್ರಮಾಣ ಎಂದು ಜಗಳವಾಡುವವರು ಮೊದಲು ಲಂಡನ್ನಿನ ಅಬೀ ರೋಡ್ ಸ್ಟುಡಿಯೋದ ಕಾಲದ ಆ ಪ್ಲೇಟುಗಳನ್ನು ಕೇಳಿ ಬರಬೇಕು.